ಸೇಫ್ಟಿ ಶವರ್, ಐ ವಾಶ್ ಹಾಕಿಸುತ್ತಿದ್ದೇವೆ, ಬಳಸಿದವರು ಸ್ವಲ್ಪ ಹೇಳಿ

ಪ್ಲೇಟಿಂಗ್ ಶಾಪ್ ಸೂಪರ್‌ವೈಸರ್, ಪೀಣ್ಯ:
ನಮ್ಮದು ಲೋಹಕ್ಕೆ ಲೇಪ ಹಾಕುವ ಸಣ್ಣ ಶಾಪ್. ಆಸಿಡ್, ಕಾಸ್ಟಿಕ್ (ಕ್ಷಾರ) ಎರಡೂ ಇವೆ. ಓನರ್ ಕೊನೆಗೂ ಒಪ್ಪಿ ಕೆಮಿಕಲ್ ಬಿದ್ದರೆ ಮೈ ತೊಳೆಯುವ ಶವರ್, ಕಣ್ಣು ತೊಳೆಯುವ ಐ ವಾಶ್ ಎರಡೂ ಸೇರಿರುವ ಒಂದು ಯೂನಿಟ್ ತರಿಸಿದ್ದಾರೆ. ಎಲ್ಲಿ ಹಾಕಿಸಬೇಕು, ಹುಡುಗರಿಗೆ ಏನು ಹೇಳಿಕೊಡಬೇಕು? ಕ್ಯಾಟಲಾಗ್ ಮಾತು ಬೇಡ, ನಿಮ್ಮಲ್ಲಿ ನಡೆದಿದ್ದು ಹೇಳಿ.

ಮೇಂಟೆನೆನ್ಸ್ ಫಿಟ್ಟರ್, ಬೈಕಂಪಾಡಿ:
ಜಾಗ ಆಮೇಲೆ ನೋಡಿ ಸಾರ್, ಮೊದಲು ನೀರಿನ ಲೆಕ್ಕ ಹಾಕಿ. ಭಾರತದ್ದೇ ಐಎಸ್ 10592 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಆದರೆ ನಮ್ಮಲ್ಲಿ ಆಡಿಟ್‌ಗೆ ಬಂದವರು ಅಮೆರಿಕದ ಜೆಡ್358.1 ಹಿಡಿದೇ ಕೇಳುತ್ತಾರೆ. ಅದರ ಪ್ರಕಾರ ಶವರ್‌ನಿಂದ ನಿಮಿಷಕ್ಕೆ ಸುಮಾರು 76 ಲೀಟರ್ ಬೀಳಬೇಕು, ಅದೂ 15 ನಿಮಿಷ ಪೂರ್ತಿ. ಅಂದರೆ 1,100 ಲೀಟರಿಗೂ ಜಾಸ್ತಿ. 500 ಲೀಟರ್ ಟ್ಯಾಂಕ್ ಇದ್ದರೆ ಏಳು ನಿಮಿಷದೊಳಗೆ ಖಾಲಿ, ಅದೇ ಟ್ಯಾಂಕಿನಿಂದ ಕ್ಯಾಂಟೀನ್‌ಗೂ ಲೈನ್ ಎಳೆದಿದ್ದರೆ ಕೇಳುವುದೇ ಬೇಡ. ಪಂಪ್ ನಂಬಿಕೊಳ್ಳಬೇಡಿ, ಕರೆಂಟ್ ಹೋದಾಗಲೂ ನೀರು ಬರಬೇಕಲ್ವಾ? ಐ ವಾಶ್‌ಗೆ ಅಷ್ಟು ಬೇಡ, ನಿಮಿಷಕ್ಕೆ ಒಂದೂವರೆ ಲೀಟರ್ ಸಾಕು.

ಜಾಗದ ವಿಷಯ: ಕೆಮಿಕಲ್ ಇರುವಲ್ಲಿಂದ ಹತ್ತು ಸೆಕೆಂಡಿನಲ್ಲಿ ತಲುಪಬೇಕು, ಅಂದಾಜು 17 ಮೀಟರ್. ಮೆಟ್ಟಿಲು ಇರಬಾರದು. ನಿಮ್ಮ ಕೆಮಿಕಲ್ ಟ್ಯಾಂಕ್ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡು ಅಲ್ಲಿಗೆ ನಡೆದು ನೋಡಿ, ಎಲ್ಲಿ ಎಡವುತ್ತೀರೋ ಗೊತ್ತಾಗುತ್ತದೆ. ನಾನು ನೋಡಿದ ಒಂದು ಕಡೆ ಶವರ್ ಕೆಳಗೆ ಖಾಲಿ ಡ್ರಮ್ ಜೋಡಿಸಿದ್ದರು, ಪಕ್ಕದಲ್ಲೇ ಎಲೆಕ್ಟ್ರಿಕ್ ಪ್ಯಾನೆಲ್ ಬೇರೆ!

ಫ್ಯಾಕ್ಟರಿ ನರ್ಸ್, ನಂಜನಗೂಡು:
ಹುಡುಗರಿಗೆ ಒಂದೇ ವಿಷಯ ತಲೆಗೆ ಹೋಗಬೇಕು. ಆಸ್ಪತ್ರೆ ಆಮೇಲೆ, ನೀರು ಮೊದಲು. ಕಣ್ಣಿಗೆ ಕಾಸ್ಟಿಕ್ ಬಿದ್ದವರನ್ನು ಆಟೋ ಹತ್ತಿಸಿಕೊಂಡು ಓಡುತ್ತಾರೆ, ಟ್ರಾಫಿಕ್‌ನಲ್ಲಿ ಅದು ಒಳಗೊಳಗೇ ಸುಡುತ್ತಾ ಹೋಗುತ್ತದೆ. ಆಸಿಡ್‌ಗಿಂತ ಕಾಸ್ಟಿಕ್, ಸುಣ್ಣ ಇವೇ ಕಣ್ಣಿನ ಒಳಕ್ಕೆ ಜಾಸ್ತಿ ಇಳಿಯುವುದು.

ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಎರಡೂ ಕೈಯ ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು, ಗುಡ್ಡೆಯನ್ನು ಮೇಲೆ ಕೆಳಗೆ ಆಚೆ ಈಚೆ ಆಡಿಸಬೇಕು. ಅದಕ್ಕೇ ವಾಲ್ವ್ ಒಮ್ಮೆ ತೆಗೆದರೆ ತೆರೆದೇ ಇರುವ ಹಾಗೆ ಮಾಡಿರುವುದು, ಅದನ್ನು ಹಿಡಿದುಕೊಂಡು ನಿಲ್ಲಬೇಕಾಗಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ನೀರು ಬಿಟ್ಟುಕೊಂಡೇ ತೆಗೆಯಿರಿ, ಲೆನ್ಸ್ ಹುಡುಕುತ್ತಾ ತಡ ಮಾಡಬೇಡಿ. ಎರಡು ನಿಮಿಷಕ್ಕೆ ಉರಿ ಕಮ್ಮಿ ಆಯಿತು ಅಂತ ಎದ್ದು ಬರುತ್ತಾರೆ, ಬಿಡಬೇಡಿ, ಒಬ್ಬರು ಗ್ಲೌಸ್ ಹಾಕಿಕೊಂಡು ಪಕ್ಕದಲ್ಲಿ ನಿಂತು 15 ನಿಮಿಷ ಗಡಿಯಾರ ನೋಡಲಿ. ಹಾಲು, ಹರಳೆಣ್ಣೆ, ನಿಂಬೆರಸ ಏನೂ ಬೇಡ. ಆಸಿಡ್‌ಗೆ ಸೋಡಾ ಹಾಕಿ ಸರಿ ಮಾಡುತ್ತೇನೆ ಅನ್ನುವವರನ್ನು ದೂರ ಇಡಿ. ಆಮೇಲೆ ಮಿಂಟೋಗೋ ಇನ್ನೊಂದು ಕಣ್ಣಿನ ಆಸ್ಪತ್ರೆಗೋ ಹೋಗುವಾಗ ಕೆಮಿಕಲ್‌ನ ಎಂಎಸ್‌ಡಿಎಸ್ (ಅದರ ಸುರಕ್ಷತಾ ವಿವರದ ಹಾಳೆ) ಜೊತೆಗೆ ಹೋಗಲಿ.

ಪ್ಲೇಟಿಂಗ್ ಶಾಪ್ ಸೂಪರ್‌ವೈಸರ್, ಪೀಣ್ಯ:
ಮೇಡಂ, ಸ್ಟೇನ್‌ಲೆಸ್ ಸ್ಟೀಲ್ ಪಿಕ್ಲಿಂಗ್‌ಗೆ, ಅಂದರೆ ಮೇಲಿನ ಪದರ ತೆಗೆಯಲು, ಹೈಡ್ರೋಫ್ಲೋರಿಕ್ ಆಸಿಡ್ ಬಳಸುತ್ತೇವೆ, ಸ್ವಲ್ಪವೇ. ಅದಕ್ಕೂ ಇದೇನಾ?

ಫ್ಯಾಕ್ಟರಿ ನರ್ಸ್, ನಂಜನಗೂಡು:
ಅದು ಬೇರೆ ಕಥೆ. ಚರ್ಮದ ಮೇಲೆ ಬಿದ್ದರೆ ಐದು ನಿಮಿಷ ನೀರು, ತಕ್ಷಣ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ ಉಜ್ಜುತ್ತಲೇ ಆಸ್ಪತ್ರೆಗೆ. ಜೆಲ್ ಕೈಗೆ ಸಿಗದಿದ್ದರೆ ನೀರು ನಿಲ್ಲಿಸಬೇಡಿ. ಮೊದಮೊದಲು ನೋವೇ ಇಲ್ಲದೆ ಇರಬಹುದು, ಅದಕ್ಕೆ ಮೋಸಹೋಗಬೇಡಿ. ಜೆಲ್ ಕಣ್ಣಿಗಲ್ಲ, ಕಣ್ಣಿಗೆ ನೀರೇ. ಜೆಲ್ ಇಲ್ಲದ ಶಾಪ್‌ನಲ್ಲಿ ಆ ಕ್ಯಾನ್ ಇರಲೇಬಾರದು ಅಂತ ನನ್ನ ಅಭಿಪ್ರಾಯ.

ಕೆಮಿಸ್ಟ್ರಿ ಲ್ಯಾಬ್ ಅಸಿಸ್ಟೆಂಟ್, ಧಾರವಾಡ:
ಯಾರೂ ಹೇಳದ ಮಾತು ಒಂದಿದೆ. ಬಟ್ಟೆ ತೆಗೆಯಬೇಕು. ಆಸಿಡ್ ಹೀರಿಕೊಂಡ ಚೂಡಿದಾರ ಮೈಮೇಲಿಟ್ಟುಕೊಂಡು ಶವರ್ ಕೆಳಗೆ ನಿಂತರೆ ಅರ್ಧ ಪ್ರಯೋಜನ ಹೋಯಿತು. ಆದರೆ ನಲವತ್ತು ಜನ ನೋಡುತ್ತಿರುವಾಗ ಯಾವ ಹುಡುಗಿ ತೆಗೆಯುತ್ತಾಳೆ? ಹುಡುಗರೂ ನಾಚಿಕೊಳ್ಳುತ್ತಾರೆ, ಸುಮ್ನೆ ನೀರು ಮೈಮೇಲೆ ಹಾಕಿಕೊಂಡು ಆಚೆ ಬಂದುಬಿಡುತ್ತಾರೆ. ನಮ್ಮಲ್ಲಿ ಶವರ್ ಸುತ್ತ ಕಂಬಿ ಹಾಕಿ ಪರದೆ ಕಟ್ಟಿದ್ದೇವೆ, ಪಕ್ಕದ ಡಬ್ಬದಲ್ಲಿ ಎರಡು ನೈಟಿ, ಲುಂಗಿ, ಟವೆಲ್, ಬಟ್ಟೆ ಕತ್ತರಿಸಲು ಕತ್ತರಿ. ಕೆಮಿಕಲ್ ಬಿದ್ದ ಬನಿಯನ್ ಮುಖದ ಮೇಲಿಂದ ಎಳೆಯಬಾರದು, ಕತ್ತರಿಸಬೇಕು. ಶೂ ಬಿಚ್ಚುವುದನ್ನೂ ಮರೆಯುತ್ತಾರೆ, ಕೆಮಿಕಲ್ ಎಲ್ಲಾ ಇಳಿದು ಅಲ್ಲೇ ನಿಂತಿರುತ್ತದೆ.

ಆಪರೇಟರ್, ಹಿಂದೆ ಸೌದಿಯ ಜುಬೈಲ್, ಈಗ ರಾಯಚೂರು:
ಬಿಸಿಲಲ್ಲಿ ಕಾದ ಪೈಪಿನ ನೀರು ಮೈ ಸುಡುತ್ತದೆ ಅಣ್ಣ. ಸ್ಟ್ಯಾಂಡರ್ಡ್ ಪ್ರಕಾರ 16ರಿಂದ 38 ಡಿಗ್ರಿ ಒಳಗಿರಬೇಕು. ಜುಬೈಲ್‌ನಲ್ಲಿ ಶವರ್‌ಗೆ ನೀರು ತಂಪು ಮಾಡುವ ಟ್ಯಾಂಕೇ ಬೇರೆ ಇತ್ತು. ನಿಮ್ಮಲ್ಲಿ ಅಷ್ಟೆಲ್ಲ ಬೇಡ, ಪೈಪ್ ಶೀಟ್ ಛಾವಣಿ ಮೇಲೆ ಎಳೆಯಬೇಡಿ, ನೆಲದಡಿ ತನ್ನಿ. ಇಲ್ಲಾಂದ್ರೆ ಏಪ್ರಿಲ್ ಮಧ್ಯಾಹ್ನ ಒಮ್ಮೆ ಕೈ ಹಿಡಿದು ನೋಡಿ.

ಮೇಂಟೆನೆನ್ಸ್ ಫಿಟ್ಟರ್, ಬೈಕಂಪಾಡಿ:
ಇನ್ನೊಂದು, ವಾರಕ್ಕೊಮ್ಮೆ ಓಡಿಸಲೇಬೇಕು. ನಿಂತ ನೀರು ತುಕ್ಕು ಹಿಡಿದು ಕೆಂಪಾಗಿ ಬರುತ್ತದೆ, ಕ್ರಿಮಿಯೂ ಬೆಳೆಯುತ್ತದೆ. ಬೋರ್ ನೀರಾದರೆ ಐ ವಾಶ್ ತೂತು ಬಿಳಿ ಪದರ ಕಟ್ಟಿ ಮುಚ್ಚಿಹೋಗುತ್ತದೆ. ಆದರೆ ಕೆಳಗೆ ಡ್ರೈನ್ ಇಲ್ಲದಿದ್ದರೆ ಯಾರೂ ಓಡಿಸುವುದಿಲ್ಲ, ನೆಲ ಒರೆಸುವವರು ಬೈಯುತ್ತಾರೆ ಅಂತ ರಿಜಿಸ್ಟರ್‌ನಲ್ಲಿ ಸಹಿ ಮಾತ್ರ ಬೀಳುತ್ತದೆ. ಯೂನಿಟ್ ಕೂರಿಸುವ ಮೊದಲೇ ಡ್ರೈನ್ ತೋಡಿಸಿ. ಚರಂಡಿಗಲ್ಲ, ನಿಮ್ಮ ಇಟಿಪಿಗೆ (ಕೊಳೆನೀರು ಶುದ್ಧ ಮಾಡುವ ಘಟಕಕ್ಕೆ).

ಪ್ಲೇಟಿಂಗ್ ಶಾಪ್ ಸೂಪರ್‌ವೈಸರ್, ಪೀಣ್ಯ:
ನಮ್ಮ ಟ್ಯಾಂಕ್ 750 ಲೀಟರ್, ಅದರಲ್ಲೇ ಕ್ಯಾಂಟೀನ್. ಬೇರೆ ಟ್ಯಾಂಕ್, ಡ್ರೈನ್, ಜೆಲ್, ಪರದೆ ನಾಲ್ಕನ್ನೂ ಬರೆದುಕೊಂಡು ಓನರ್ ಹತ್ತಿರ ಹೋಗುತ್ತೇನೆ. ಬೈಕಂಪಾಡಿ ಅಣ್ಣ, ಇಷ್ಟು ನೀರಿಗೆ ಒಂದು ಇಂಚಿನ ಪೈಪ್ ಸಾಕಾ?

ಮೇಂಟೆನೆನ್ಸ್ ಫಿಟ್ಟರ್, ಬೈಕಂಪಾಡಿ:
ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ. ಒಂದಕ್ಕಿಂತ ಕಮ್ಮಿ ಬೇಡ, ಎತ್ತರ ಕಮ್ಮಿ ಇದ್ದರೆ ಒಂದೂವರೆ ಹಾಕಿ. ಕೂರಿಸಿದ ದಿನ ದೊಡ್ಡ ಡ್ರಮ್ ಇಟ್ಟು ಒಂದು ನಿಮಿಷ ಹಿಡಿದು ಅಳೆಯಿರಿ.