ಹುಟ್ಟಿದಾಗ ಅಮ್ಮ ಒಪ್ಪಿದ್ದರು, ಈಗ ಮಕ್ಕಳೇ ಒಪ್ಪಬೇಕು: ಪಾಸಿಫಿಕಾ ಯುವಜನರ ದೀರ್ಘ ಅಧ್ಯಯನದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ನರ್ಸ್, ದಕ್ಷಿಣ ಆಕ್ಲೆಂಡ್): ನಮಸ್ಕಾರ ಮೇಡಂ. ನಾನು ಹಾಸನ ಕಡೆಯವಳು. ಇಲ್ಲಿ ಆಸ್ಪತ್ರೆ ಕೆಲಸದ ಜೊತೆಗೆ ಈಗ ಒಂದು ಸಂಶೋಧನಾ ತಂಡದಲ್ಲಿ ಪಾರ್ಟ್ ಟೈಮ್ ಸೇರಿದ್ದೇನೆ. ಚಿಕ್ಕಂದಿನಿಂದ ಅಧ್ಯಯನದಲ್ಲಿರುವ ಪೆಸಿಫಿಕ್ ಕುಟುಂಬದ (ಸಮೋವಾ, ಟೋಂಗಾದಂಥ ಪೆಸಿಫಿಕ್ ದ್ವೀಪಗಳ ಮೂಲದವರು, ಇಲ್ಲಿ ನ್ಯೂಜಿಲೆಂಡ್‌ನಲ್ಲಿ ಪಾಸಿಫಿಕಾ ಎನ್ನುತ್ತಾರೆ) ಮಕ್ಕಳು ಈಗ ಇಪ್ಪತ್ತು ದಾಟಿದ್ದಾರೆ. ಅವರಿಗೆ ಫೋನ್ ಮಾಡಿ ಮುಂದಿನ ಸಂದರ್ಶನಕ್ಕೆ ಕರೆಯುವುದು ನನ್ನ ಕೆಲಸ. ತುಂಬಾ ಜನ ಫೋನೇ ಎತ್ತುವುದಿಲ್ಲ. ಎತ್ತಿದ ಒಬ್ಬ ಹುಡುಗ, "ಇಷ್ಟು ವರ್ಷ ನಮ್ಮನ್ನು ಅಳೆದಿರಿ, ತೂಗಿದಿರಿ, ನಮಗೆ ಸಿಕ್ಕಿದ್ದೇನು?" ಎಂದು ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ. ಏನು ಹೇಳಬೇಕಿತ್ತು?

ಉತ್ತರ (ಸಾಂಕ್ರಾಮಿಕ ಶಾಸ್ತ್ರ ಮತ್ತು ಸಮುದಾಯ ಆರೋಗ್ಯ): ಆ ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಅದಕ್ಕೆ ಉತ್ತರ ಕೊಡಲಾಗದಿದ್ದರೆ, ಫೋನ್ ಎತ್ತದವರ ಮೇಲೆ ಬೇಸರ ಪಡುವುದರಲ್ಲಿ ಅರ್ಥವಿಲ್ಲ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಹುಟ್ಟಿನಿಂದ ಅದೇ ಜನರನ್ನು ಹಿಂಬಾಲಿಸುವ ಅಧ್ಯಯನಗಳಿಗೆ ನ್ಯೂಜಿಲೆಂಡ್ ಹೆಸರುವಾಸಿ. ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳು, ಕ್ರೈಸ್ಟ್‌ಚರ್ಚ್‌ನಲ್ಲಿ 1977ರಲ್ಲಿ ಹುಟ್ಟಿದ 1,265 ಮಕ್ಕಳು. ಎರಡೂ ದಕ್ಷಿಣ ದ್ವೀಪದ ಊರುಗಳು. ಅಲ್ಲಿ ಆಗ ಪೆಸಿಫಿಕ್ ಕುಟುಂಬಗಳು ಬಹಳ ಕಡಿಮೆ. ಹಾಗಾಗಿ ಆ ಅಧ್ಯಯನಗಳು ಎಷ್ಟೇ ಒಳ್ಳೆಯವಾದರೂ ದಕ್ಷಿಣ ಆಕ್ಲೆಂಡ್‌ನ ಒಟಾರಾ ಬಡಾವಣೆಯ ಟೋಂಗನ್ ಹುಡುಗನ ಬಗ್ಗೆ ಅವು ಹೇಳುವುದು ಕಡಿಮೆ.

ಈ ಕೊರತೆ ತುಂಬಲು 2000ನೇ ಇಸವಿಯಲ್ಲಿ ಪೆಸಿಫಿಕ್ ಐಲ್ಯಾಂಡ್ಸ್ ಫ್ಯಾಮಿಲೀಸ್ ಅಧ್ಯಯನ ಶುರುವಾಯಿತು. ನಡೆಸಿದ್ದು ಆಕ್ಲೆಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿ. ಆ ವರ್ಷ ಮಿಡಲ್‌ಮೋರ್ ಆಸ್ಪತ್ರೆಯಲ್ಲಿ ಹುಟ್ಟಿದ 1,398 ಶಿಶುಗಳು ಸೇರಿದವು. ತಾಯಂದಿರು 1,376, ಉಳಿದ ಲೆಕ್ಕ ಅವಳಿಗಳದ್ದು! ಮಗುವಿಗೆ ಆರು ವಾರವಾದಾಗ ಮೊದಲ ಭೇಟಿ, ಅದೂ ಅವರ ಮನೆಯಲ್ಲೇ. ಹೋದವರು ಆ ಮನೆಯ ಭಾಷೆ ಬಲ್ಲ ಪೆಸಿಫಿಕ್ ಹೆಂಗಸರು. ಆಮೇಲೆ ಮಗುವಿನ ಮೊದಲ ಹುಟ್ಟುಹಬ್ಬದಿಂದ ಹದಿನೆಂಟು ತುಂಬುವವರೆಗೆ ಮತ್ತೆ ಮತ್ತೆ ಭೇಟಿ.

ಸಿಕ್ಕಿದ್ದೇನು ಅಂದರೆ, ಒಂದು ಉದಾಹರಣೆ ಕೊಡುತ್ತೇನೆ. ಹೆರಿಗೆಯಾಗಿ ಆರು ವಾರಕ್ಕೆ ತಾಯಂದಿರಲ್ಲಿ ಖಿನ್ನತೆಯ ಲಕ್ಷಣ ಎಷ್ಟಿದೆ ಎಂದು ನೋಡಿದರು. ಒಟ್ಟಾರೆ ಶೇ. 16ರಷ್ಟು. ಆದರೆ ಸಮೋವಾ ಮೂಲದವರಲ್ಲಿ ಶೇ. 8ರ ಆಸುಪಾಸು, ಟೋಂಗಾ ಮೂಲದವರಲ್ಲಿ ಶೇ. 31ರ ಹತ್ತಿರ. ಎಲ್ಲರನ್ನೂ "ಪಾಸಿಫಿಕಾ" ಎಂಬ ಒಂದೇ ಚೀಲಕ್ಕೆ ಹಾಕಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇನ್ನೊಂದು: ತಮ್ಮ ಸಂಸ್ಕೃತಿಯನ್ನು ಗಟ್ಟಿಯಾಗಿ ಹಿಡಿದುಕೊಂಡ ತಾಯಂದಿರು ಮತ್ತು ಅವರ ಶಿಶುಗಳ ಆರೋಗ್ಯ, ಅದನ್ನು ಬಿಟ್ಟವರಿಗಿಂತ ಚೆನ್ನಾಗಿತ್ತು. ವಲಸೆ ಬಂದವರು ಬೇಗ ಇಲ್ಲಿಯವರಂತೆ ಆದರೆ ಎಲ್ಲ ಸರಿಹೋಗುತ್ತದೆ ಎಂದು ವಾದಿಸುವವರಿಗೆ ನಾನು ತೋರಿಸುವುದು ಇದನ್ನೇ.

ಆದರೆ ಇದನ್ನೆಲ್ಲ ಆ ಹುಡುಗನಿಗೆ ಒಪ್ಪಿಸಬೇಡಿ. "ನಿನಗೆ ನೇರವಾಗಿ ಸಿಕ್ಕಿದ್ದು ಬಹುಶಃ ಕಡಿಮೆ. ನಿನ್ನ ಮಾಹಿತಿಯಿಂದ ಗೊತ್ತಾಗಿದ್ದು ಇದು, ಬೇಕಿದ್ದರೆ ಕಳಿಸುತ್ತೇನೆ" ಎಂದು ಎರಡು ಮಾತು ಹೇಳಿ. ಮತ್ತು ನಿಜವಾಗಿಯೂ ಕಳಿಸಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಂದು ಒಪ್ಪಿದ್ದು ಅವನ ಅಮ್ಮ. ಎಳೆ ಶಿಶುವಿನ ಒಪ್ಪಿಗೆಯನ್ನು ಯಾರು ಕೇಳುತ್ತಾರೆ? ಈಗ ಅವನು ವಯಸ್ಕ. ಅಮ್ಮನ ಸಹಿ ಇನ್ನು ನಡೆಯುವುದಿಲ್ಲ. ಹೊಸದಾಗಿ ಕೇಳಬೇಕು: ಮುಂದುವರಿಯುತ್ತೀಯಾ, ಹಳೆಯ ಮಾಹಿತಿಯನ್ನು ಬಳಸಬಹುದಾ, ಆಸ್ಪತ್ರೆ ದಾಖಲೆಗಳ ಜೊತೆ ಜೋಡಿಸಬಹುದಾ. ಮೂರೂ ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಹೂಂ, ಇನ್ನೊಂದಕ್ಕೆ ಉಹೂಂ ಎನ್ನುವ ಹಕ್ಕು ಅವನಿಗಿದೆ. ನೀವು ಫೋನ್ ಮಾಡುವಾಗ "ನೀವು ನಮ್ಮ ಅಧ್ಯಯನದಲ್ಲಿದ್ದೀರಿ" ಎಂದು ಶುರು ಮಾಡುತ್ತೀರಾ? ಹಾಗಿದ್ದರೆ ಅದನ್ನು ಬಿಡಿ. "ನಿಮ್ಮ ಅಮ್ಮ ಆಗ ಒಪ್ಪಿದ್ದರು, ಈಗ ನಿಮ್ಮನ್ನು ಕೇಳಲು ಫೋನ್ ಮಾಡಿದ್ದೇನೆ" ಅನ್ನಿ. ಧಾಟಿಯೇ ಬದಲಾಗುತ್ತದೆ.

ಸದಸ್ಯ (ಡೇಟಾ ಅನಲಿಸ್ಟ್, ಬೆಂಗಳೂರು): ಮೇಡಂ, ಇಷ್ಟೆಲ್ಲ ಕಷ್ಟ ಯಾಕೆ? ಈಗ ಇಪ್ಪತ್ತೈದರ ಆಸುಪಾಸಿನ ಒಂದಷ್ಟು ಜನರನ್ನು ಹೊಸದಾಗಿ ಹಿಡಿದು ಒಂದು ಸರ್ವೇ ಮಾಡಿದರೆ ಸಾಲದಾ? ಬಿಟ್ಟುಹೋದವರ ಜಾಗವನ್ನು ಲೆಕ್ಕದಲ್ಲಿ ತುಂಬಿಸಿಕೊಳ್ಳಬಹುದಲ್ವಾ?

ಉತ್ತರ: ಈಗ ಹೇಗಿದ್ದಾರೆ ಎಂದಷ್ಟೇ ತಿಳಿಯಬೇಕಾದರೆ ಸರ್ವೇ ಸಾಕು. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಸಾಲದು. ಎರಡು ವರ್ಷದವನಿದ್ದಾಗ ಮನೆಯಲ್ಲಿ ಎಷ್ಟು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ಅಪ್ಪನಿಗೆ ಕೆಲಸವಿತ್ತಾ ಎಂದು ಈಗ ಅವನನ್ನು ಕೇಳಿದರೆ ಏನು ನೆನಪಿರುತ್ತದೆ? ಆಗಲೇ ಬರೆದಿಟ್ಟ ಉತ್ತರಕ್ಕೆ ಬೆಲೆ ಜಾಸ್ತಿ.

ಬಿಟ್ಟುಹೋದವರ ವಿಷಯದಲ್ಲಿ ನಿಮ್ಮ ಲೆಕ್ಕ ಅರ್ಧ ಸರಿ. ಸುಮ್ನೆ ಯಾರೋ ಕೆಲವರು ತಪ್ಪಿಸಿಕೊಂಡಿದ್ದರೆ ತುಂಬಿಸಬಹುದು. ಆದರೆ ಕೈ ತಪ್ಪುವವರು ಸುಮ್ನೆ ತಪ್ಪುವುದಿಲ್ಲ. ಬಾಡಿಗೆ ಕಟ್ಟಲಾಗದೆ ಮನೆ ಬದಲಿಸಿದವರು, ರಾತ್ರಿ ಪಾಳಿ ಮಾಡುವವರು, ಕೆಲಸಕ್ಕೆ ಆಸ್ಟ್ರೇಲಿಯಾಕ್ಕೆ ಹೋದವರು, ಮನಸ್ಸು ಸರಿಯಿಲ್ಲದೆ ಯಾರ ಜೊತೆಯೂ ಮಾತು ಬೇಡ ಅನ್ನಿಸಿದವರು. ನಮಗೆ ತಿಳಿಯಬೇಕಾದ್ದು ಅವರ ಸ್ಥಿತಿಯೇ. ಉಳಿದವರು ಗಟ್ಟಿಮುಟ್ಟಾದವರಾದರೆ ಫಲಿತಾಂಶ ಚೆಂದ ಕಾಣುತ್ತದೆ, ಸರ್ಕಾರ ನೆಮ್ಮದಿಯಾಗಿರುತ್ತದೆ. ಹಾಗಾಗಿ ಈ ನರ್ಸ್ ಮಾಡುವ ಹತ್ತನೇ ಫೋನ್ ಕರೆ ನಿಮ್ಮ ಎಲ್ಲ ಸಾಫ್ಟ್‌ವೇರ್‌ಗಿಂತ ದೊಡ್ಡದು. ಬೇಜಾರಾಗಬೇಡಿ!

ಸದಸ್ಯೆ (ಮೈಸೂರು): ಸಕ್ಕರೆ ಕಾಯಿಲೆ, ಬೊಜ್ಜು ನಮ್ಮಲ್ಲೂ ಇದೆಯಲ್ಲ. ಅವರಿಗೆ ಮಾತ್ರ ಪ್ರತ್ಯೇಕ ಅಧ್ಯಯನ ಏಕೆ? ಒಂದು ಕಡೆ ಸಿಕ್ಕ ಉತ್ತರ ಇನ್ನೊಂದು ಕಡೆ ನಡೆಯುವುದಿಲ್ಲವೇ?

ಉತ್ತರ: ನಡೆಯುವುದಿಲ್ಲ. ಬಿಎಂಐಯನ್ನೇ ನೋಡಿ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ. ಒಂದೇ ಬಿಎಂಐ ಇದ್ದರೂ ಯುರೋಪಿಯನ್ನರಿಗಿಂತ ಪೆಸಿಫಿಕ್ ಜನರ ಮೈಯಲ್ಲಿ ಸ್ನಾಯು ಜಾಸ್ತಿ, ಕೊಬ್ಬು ಕಡಿಮೆ. ನಮ್ಮದು ತಿರುಗಾಮುರುಗಾ: ತೆಳ್ಳಗೆ ಕಾಣುವ ಭಾರತೀಯನ ಹೊಟ್ಟೆಯಲ್ಲಿ ಕೊಬ್ಬು ತುಂಬಿರುತ್ತದೆ. ಒಂದೇ ಅಳತೆಪಟ್ಟಿ ಹಿಡಿದರೆ ಅವರನ್ನು ಸುಮ್ಮನೆ ಹೆದರಿಸುತ್ತೇವೆ, ನಮ್ಮವರನ್ನು ಸುಮ್ಮನೆ ಸಮಾಧಾನ ಮಾಡುತ್ತೇವೆ. 2016ರಲ್ಲಿ ಸಮೋವಾದವರಲ್ಲಿ ಒಂದು ಜೀನ್ ರೂಪ ಪತ್ತೆಯಾಯಿತು, ಹೆಸರು ಸಿಆರ್‌ಇಬಿಆರ್‌ಎಫ್. ಅದು ಬಿಎಂಐಯನ್ನು ಏರಿಸುತ್ತದೆ, ಆದರೆ ಮಧುಮೇಹದ ಅಪಾಯವನ್ನು ಇಳಿಸುತ್ತದೆ! ಹಾಗೆಂದು ಎಲ್ಲವನ್ನೂ ಜೀನ್ ಮೇಲೆ ಹಾಕುವಂತಿಲ್ಲ. ಕಿಕ್ಕಿರಿದ, ತೇವದ ಮನೆಗಳು, ಗಂಟಲು ಸೋಂಕಿನಿಂದ ಶುರುವಾಗಿ ಹೃದಯಕ್ಕೆ ಪೆಟ್ಟು ಕೊಡುವ ರುಮ್ಯಾಟಿಕ್ ಜ್ವರ, ಕಡಿಮೆ ಸಂಬಳ, ಇವು ಯಾವ ಜೀನಿನಲ್ಲೂ ಇಲ್ಲ.

ಅಂದಹಾಗೆ ಇಂಥ ಅಧ್ಯಯನ ನಿಮ್ಮೂರಲ್ಲೇ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅದೇ ಮಿಷನ್ ಆಸ್ಪತ್ರೆ. 1997-98ರಲ್ಲಿ ಅಲ್ಲಿ ಬಸುರಿಯರಿಗೆ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೆ ನೋಡುತ್ತಾ ಬಂದಿದ್ದಾರೆ. ಪಾರ್ಥೆನಾನ್ ಅಧ್ಯಯನ ಎನ್ನುತ್ತಾರೆ. ಬಸುರಿನಲ್ಲಿ ಮಧುಮೇಹ ಇದ್ದವರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಒಂಬತ್ತೂವರೆ ವರ್ಷಕ್ಕೇ ಕೊಬ್ಬು ಜಾಸ್ತಿ ಕಂಡಿತು. ಮೈಸೂರಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ ಅನ್ನುವುದು ನನ್ನ ಹಳೇ ದೂರು.

ಸದಸ್ಯ (ಫಿಜಿ ಮೂಲ, ಆಕ್ಲೆಂಡ್, ಪೂರ್ವಿಕರು ಮದ್ರಾಸ್ ಕಡೆಯಿಂದ ಗಿರ್ಮಿಟ್‌ಗೆ, ಅಂದರೆ ಬ್ರಿಟಿಷರ ಕಾಲದ ಕರಾರು ಕೂಲಿಗೆ, ಫಿಜಿಗೆ ಬಂದವರು): ನಮ್ಮನ್ನು ಪಾಸಿಫಿಕಾ ಅಂತ ಸೇರಿಸುತ್ತಾರಾ?

ಉತ್ತರ: ಇಲ್ಲಿನ ಜನಗಣತಿ ವಿಂಗಡಣೆಯಲ್ಲಿ ಫಿಜಿ ಇಂಡಿಯನ್ನರನ್ನು ಏಷ್ಯನ್ ಗುಂಪಿನಲ್ಲಿ ಇಡುತ್ತಾರೆ. ತಲೆಮಾರುಗಳಿಂದ ದ್ವೀಪದಲ್ಲೇ ಬದುಕಿದವರಿಗೆ ಇದು ಸಿಟ್ಟು ತರಿಸುವುದು ಸಹಜ. ವೈಯಕ್ತಿಕವಾಗಿ ನನಗೂ ಇದು ಒರಟು ವಿಂಗಡಣೆ ಅನ್ನಿಸುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಇನ್ನೆರಡು ವಿಷಯ. ಮನೆಗೆ ಹೋದರೆ ಅಮ್ಮ, ಅಜ್ಜಿ ಪಕ್ಕದಲ್ಲೇ ಕೂರುತ್ತಾರೆ. ಎದ್ದು ಹೋಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮತ್ತೆ, ಕೆಲವು ಅಜ್ಜಂದಿರು ನನ್ನ ಐಡಿ ಕಾರ್ಡ್ ನೋಡಿದ ಕೂಡಲೇ ಮುಖ ಗಂಟಿಕ್ಕುತ್ತಾರೆ.

ಉತ್ತರ: ಅಜ್ಜಂದಿರದು ಮೊದಲು. 1970ರ ದಶಕದಲ್ಲಿ ವೀಸಾ ಮುಗಿದವರನ್ನು ಹುಡುಕಿಕೊಂಡು ಪೊಲೀಸರು ಬೆಳಗಿನ ಜಾವ ಪೆಸಿಫಿಕ್ ಮನೆಗಳ ಬಾಗಿಲು ಬಡಿಯುತ್ತಿದ್ದರು. ಡಾನ್ ರೇಡ್ಸ್ (ಮುಂಜಾವಿನ ದಾಳಿಗಳು) ಎಂದೇ ಹೆಸರು. ವೀಸಾ ಮುಗಿದ ಬ್ರಿಟಿಷರೂ ಅಮೆರಿಕನ್ನರೂ ಇದ್ದರು, ಅವರನ್ನು ಹೀಗೆ ಕಾಡಲಿಲ್ಲ. ಸರ್ಕಾರದ ಪರವಾಗಿ ಪ್ರಧಾನಿ ಜೆಸಿಂಡಾ ಆರ್ಡರ್ನ್ ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2021ರ ಆಗಸ್ಟ್ 1ರಂದು. ಕಾರ್ಡ್ ನೇತುಹಾಕಿಕೊಂಡು ಬಂದು ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳುವವರನ್ನು ಅವರು ಅನುಮಾನದಿಂದ ನೋಡಿದರೆ ಅದರಲ್ಲಿ ತಪ್ಪೇನಿದೆ? ಮೊದಲು ಕುಳಿತು ಮಾತಾಡಿ. ನಿಮ್ಮ ಊರು, ನಿಮ್ಮ ಮನೆಯವರ ಬಗ್ಗೆ ಹೇಳಿ. ಅವರು ಕೊಟ್ಟಿದ್ದನ್ನು ತಿನ್ನಿ. ಪ್ರಶ್ನಾವಳಿ ಆಮೇಲೆ.

ಅಮ್ಮನ ವಿಷಯ ಸೂಕ್ಷ್ಮ. ಆ ಮನೆಗಳಲ್ಲಿ ಕುಟುಂಬವೇ ತಳಪಾಯ, ನಮ್ಮಲ್ಲಿ ಇದ್ದ ಹಾಗೇ. ಊಟ, ನಿದ್ದೆ, ಕೆಲಸದ ಪ್ರಶ್ನೆಗಳನ್ನು ಎಲ್ಲರೂ ಇದ್ದಾಗಲೇ ಕೇಳಿ, ಅಮ್ಮಂದಿರು ತುಂಬಾ ಮಾಹಿತಿ ಕೊಡುತ್ತಾರೆ. ಆದರೆ ಕುಡಿತ, ಲೈಂಗಿಕತೆ, ಸಾಯಬೇಕು ಅನ್ನಿಸಿದೆಯಾ ಎಂಬ ಪ್ರಶ್ನೆಗಳನ್ನು ಅಮ್ಮನ ಎದುರು ಕೇಳಲೇಬೇಡಿ. ಟ್ಯಾಬ್ಲೆಟ್ ಕೈಗೆ ಕೊಟ್ಟು ಅವರೇ ಒತ್ತಿಕೊಳ್ಳುವಂತೆ ಮಾಡಿ, ಇಲ್ಲವೇ ಬೇರೆ ದಿನ ಲೈಬ್ರರಿಯಲ್ಲೋ ಕಾರಿನಲ್ಲೋ ಮುಗಿಸಿ. ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2006ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ದೊಡ್ಡವರಾದ ಮೇಲೆ ವಲಸೆ ಬಂದ ಪೆಸಿಫಿಕ್ ಜನರಿಗಿಂತ ಇಲ್ಲೇ ಹುಟ್ಟಿದವರಲ್ಲಿ ಮಾನಸಿಕ ತೊಂದರೆ ಸುಮಾರು ಎರಡು ಪಟ್ಟು ಕಂಡಿತ್ತು. ಯಾರಾದರೂ ತಾನು ಅಪಾಯದಲ್ಲಿದ್ದೇನೆ ಎಂಬ ಸುಳಿವು ಕೊಟ್ಟರೆ ಅಂದೇ ತಂಡದ ವೈದ್ಯರಿಗೆ ತಿಳಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ 1737 ಸಂಖ್ಯೆಯನ್ನು ಎಲ್ಲರಿಗೂ ಕೊಟ್ಟು ಬನ್ನಿ, ಕರೆ, ಮೆಸೇಜ್ ಎರಡೂ ಉಚಿತ.

ಫೋನ್ ಎತ್ತದವರಿಗೆ ಸಂಜೆ ಆರರ ನಂತರ ಮೊದಲು ಮೆಸೇಜ್ ಹಾಕಿ ನೋಡಿ. ಭಾನುವಾರ ಮಾತ್ರ ಬೇಡ. ಬೆಳಿಗ್ಗೆ ಚರ್ಚ್, ಮಧ್ಯಾಹ್ನ ಇಡೀ ಬಳಗದ ಊಟ.