ಪಿಬಿಎಲ್‌ನಲ್ಲಿ ನಿಜವಾಗಿ ಏನಾದರೂ ಕಲಿಯುತ್ತೇವಾ?

ಫಸ್ಟ್ ಇಯರ್ ಹುಡುಗ:
ನಮ್ಮ ಮೆಡಿಕಲ್ ಕಾಲೇಜಲ್ಲಿ ಈ ತಿಂಗಳಿಂದ ಪಿಬಿಎಲ್ ಶುರು. ಅಂದ್ರೆ ಪ್ರಾಬ್ಲಂ ಬೇಸ್ಡ್ ಲರ್ನಿಂಗ್, ಲೆಕ್ಚರ್ ಬದಲು ಗುಂಪಲ್ಲಿ ಒಂದು ಕೇಸ್ ಬಿಡಿಸುತ್ತಾ ಕಲಿಯೋದು. ಎಂಟು ಜನಕ್ಕೆ ಒಂದು ಚೀಟಿ: ‘50ರ ರೈತ. ಐದು ದಿನದಿಂದ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಹಳದಿ, ಮೂತ್ರ ಕಡಿಮೆ. ಗದ್ದೆ ಕೆಲಸ.’ ಸರ್ ಸುಮ್ನೆ ಕೂತಿರುತ್ತಾರೆ. ಕೇಳಿದರೆ ‘ನಿಮಗೇನನ್ನಿಸುತ್ತೆ?’ ಅಂತಾರೆ. ಟೈಮ್ ವೇಸ್ಟ್ ಅಲ್ವಾ?

ಹಳೇ ಸ್ಟೆತ್:
ನಮಗೂ ಇಂಥದ್ದೇ ಕೇಸ್ ಬಂದಿತ್ತು. ಒಂದು ಗಂಟೆ ಲಿವರ್ ಹಿಡಿದು ಜಗ್ಗಾಡಿದೆವು. ಕೊನೆಗೆ ಮೂಲೆಯಲ್ಲಿದ್ದ ಹುಡುಗಿ ‘ಗದ್ದೆ ಅಂತ ಯಾಕೆ ಬರೆದಿದ್ದಾರೆ?’ ಅಂದಳು. ಅಲ್ಲಿಂದ ಇಲಿ ಮೂತ್ರ, ಲೆಪ್ಟೊಸ್ಪೈರಾ (ಬಿರಿದ ಚರ್ಮದಿಂದ ಒಳಹೋಗುವ ಇಲಿಜ್ವರದ ಬ್ಯಾಕ್ಟೀರಿಯಾ), ಕಿಡ್ನಿ ಎಲ್ಲ ಬಿಚ್ಚಿಕೊಂಡಿತು. ಇಂಟರ್ನ್‌ಶಿಪ್‌ನಲ್ಲಿ, ಮಳೆಗಾಲದ ಒಂದು ರಾತ್ರಿ, ಜ್ವರದ ರೋಗಿಯೊಬ್ಬರ ಕಾಲ್ಬೆರಳ ಸಂದಿ ನೋಡಿದೆ. ಕೆಸರು ತಿಂದು ಬಿರಿದಿತ್ತು. ಲೆಕ್ಚರ್ ಕೇಳಿದ್ದರೆ ಕಾಲು ನೋಡುತ್ತಿರಲಿಲ್ಲವೇನೋ.

ಆದರೆ ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಹೀಗೆ ಬರಲ್ಲ. ಅದನ್ನು ಬರೆದು ಬರೆದೇ ಕಲಿತೆ. ಗುಂಪಲ್ಲಿ ಇಬ್ಬರು ಮಾತಾಡಿ ಆರು ಜನ ತಲೆಯಾಡಿಸುವುದೂ ಜಾಸ್ತಿ. ನಾನೂ ಆ ಆರರಲ್ಲಿ ಇದ್ದವನೇ!

ಪಾಠದ ಮೇಡಂ:
ಈ ಪಿಬಿಎಲ್ 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ಯೂನಿವರ್ಸಿಟಿಯಲ್ಲಿ ಶುರುವಾಗಿದ್ದು. ಅಲ್ಲಿ ಬಹುತೇಕರು ಡಿಗ್ರಿ ಓದಿ ಬರುತ್ತಾರೆ. ನಮ್ಮವರು ಪಿಯುಸಿ ಮುಗಿಸಿ ನೇರ ಬರುತ್ತಾರೆ. ಮೊದಲು ಸ್ವಲ್ಪ ದಾರಿ ತೋರಿಸಬೇಕು. 150 ಮಕ್ಕಳಿಗೆ ಎಂಟೆಂಟರ ಗುಂಪು ಮಾಡಿದರೆ 19 ಟ್ಯೂಟರ್ ಬೇಕು. ನಮ್ಮ ವಿಭಾಗದಲ್ಲಿ ಅದರ ಅರ್ಧವೂ ಇಲ್ಲ. ಅಂದಹಾಗೆ, ಸುಮ್ನೆ ಕೂರುವುದು ನಮಗೂ ಕಷ್ಟವೇ ಮಾರಾಯ, ಉತ್ತರ ನಾಲಿಗೆ ತುದಿಗೆ ಬಂದಿರುತ್ತೆ.

ಫಸ್ಟ್ ಇಯರ್ ಹುಡುಗ:
ಅಯ್ಯೋ, ಉತ್ತರ ಹೇಳಿಬಿಟ್ರಲ್ಲ ಸ್ಟೆತ್ ಸರ್! ನಾಳೆ ಬೋರ್ಡ್ ಮೇಲೆ ಬರೆಯುವ ಸರದಿ ನನ್ನದು. ‘ಗದ್ದೆ’ಗೆ ಮೊದಲು ಗೆರೆ ಎಳೀತೀನಿ.