ಮಂಗಳೂರು–ದುಬೈ: ಟಿಕೆಟ್‌ನಲ್ಲಿ ಎರಡೂಕಾಲು ಗಂಟೆ, ನಿಜವಾಗಿ ಎಷ್ಟು?

ಕುಂದಾಪುರದವಳು:
ಅಮ್ಮ ಡಿಸೆಂಬರ್‌ನಲ್ಲಿ ಶಾರ್ಜಾದ ತಮ್ಮನ ಮನೆಗೆ ಹೊರಟಿದ್ದಾರೆ. ಒಬ್ಬರೇ, ಮೊದಲ ಸಲ ವಿಮಾನ. ಟಿಕೆಟ್ ಪ್ರಕಾರ ಮಂಗಳೂರು ಬಿಡುವುದು ಬೆಳಿಗ್ಗೆ 8.30, ದುಬೈ ಮುಟ್ಟುವುದು 10.45. ವಾಪಸ್ ಬರುವಾಗ ರಾತ್ರಿ 11.30ಕ್ಕೆ ಬಿಟ್ಟು ಬೆಳಗಿನ ಜಾವ 4.30ಕ್ಕೆ ಮಂಗಳೂರು. ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆ ಹೇಗಾಗುತ್ತದೆ? ಅಮ್ಮನಿಗೆ ಶುಗರ್ ಇದೆ, ಊಟಕ್ಕೆ ಮುಂಚೆ ಇನ್ಸುಲಿನ್ ತಗೊಳ್ಳಬೇಕು. ಅದಕ್ಕೇ ಸರಿಯಾದ ಲೆಕ್ಕ ಬೇಕು.

ಬಜ್ಪೆ ಹುಡುಗ:
ಎರಡೂ ಆಯಾ ಊರಿನ ಟೈಮ್. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗಲು 3.45, ಬರಲು 3.30.

ದೇರಾ ವಾಸಿ:
ಅಕ್ಕಾ, ಮೇಲಿನ ಲೆಕ್ಕ ಸರಿ. ನೇರ ದೂರ ಸುಮಾರು 2,450 ಕಿ.ಮೀ., ಪೂರ್ತಿ ಅರಬ್ಬಿ ಸಮುದ್ರ ದಾಟಬೇಕು. ಚಳಿಗಾಲದಲ್ಲಿ ಮೇಲೆ ಪಶ್ಚಿಮದ ಗಾಳಿ ಜೋರು. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಆ ಕಾಲು ಗಂಟೆ ಅದರದ್ದೇ.

ಆದರೆ ಅಮ್ಮನ ವಿಷಯದಲ್ಲಿ ವಿಮಾನದ ಹೊತ್ತನ್ನಷ್ಟೇ ನೋಡಬೇಡಿ, ಮನೆ ಬಾಗಿಲಿನಿಂದ ಲೆಕ್ಕ ಹಾಕಿ. ಏರ್‌ಪೋರ್ಟ್‌ಗೆ ಮೂರು ಗಂಟೆ ಮುಂಚೆ, ಅಂದರೆ 5.30ಕ್ಕೆ ಇರಬೇಕು. ಕುಂದಾಪುರದಿಂದ ಎರಡು ಗಂಟೆ ದಾರಿ, 3.30ಕ್ಕೇ ಮನೆ ಬಿಡಬೇಕು. ದುಬೈಯಲ್ಲಿ ಇಳಿದಾಗ ಊರಿನ ಟೈಮ್ 12.15. ಇಮಿಗ್ರೇಶನ್ ಸಾಲು, ಬ್ಯಾಗು, ಆಮೇಲೆ ಶಾರ್ಜಾ ರಸ್ತೆ. ಮನೆ ಸೇರುವಾಗ ಎರಡೂವರೆ ದಾಟುತ್ತದೆ. ಒಟ್ಟು ಹನ್ನೊಂದು ಗಂಟೆ!

ತಿಂಡಿ ಹೊತ್ತು ಬರುವುದು ಸೆಕ್ಯುರಿಟಿ ಮುಗಿದ ಮೇಲೆ. ಮನೆಯಿಂದಲೇ ಇಡ್ಲಿ ಕಟ್ಟಿಕೊಡಿ, ಬೋರ್ಡಿಂಗ್ ಗೇಟಿನ ಹತ್ತಿರ ಕೂತು ತಿನ್ನಲಿ. ವಾಚ್ ಬದಲಿಸುವುದು ಬೇಡ, ಆ ದಿನ ಪೂರ್ತಿ ಊರಿನ ಟೈಮೇ ನೋಡಲಿ. ಯಾವಾಗ ಎಷ್ಟು ಯೂನಿಟ್ ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ಇನ್ಸುಲಿನ್, ಸೂಜಿ, ಚೀಟಿ ಎಲ್ಲಾ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗಿಗೆ ಹಾಕಿದರೆ ಕೆಳಗಿನ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಬಹುದು, ಆಮೇಲೆ ಅದು ಕೆಲಸಕ್ಕೆ ಬರುವುದಿಲ್ಲ.

ಕುಂದಾಪುರದವಳು:
ತುಂಬಾ ಥ್ಯಾಂಕ್ಸ್ ಅಣ್ಣ. ಅಮ್ಮನಿಗೆ ಮಂಡಿ ನೋವೂ ಇದೆ, ಅಲ್ಲಿ ನಡೆಯುವುದು ಜಾಸ್ತಿ ಅಂತಾರೆ?

ದೇರಾ ವಾಸಿ:
ತುಂಬಾ ಜಾಸ್ತಿ. ಈಗಲೇ ವಿಮಾನದವರಿಗೆ ಫೋನ್ ಮಾಡಿ ವೀಲ್‌ಚೇರ್ ಹೇಳಿಬಿಡಿ, ದುಡ್ಡು ಕೊಡಬೇಕಾಗಿಲ್ಲ. ತಳ್ಳಿಕೊಂಡು ಹೋಗುವವರೇ ಇಮಿಗ್ರೇಶನ್ ದಾಟಿಸಿ ಹೊರಗೆ ಬಿಡುತ್ತಾರೆ. ಮೊದಲ ಸಲ ಒಬ್ಬರೇ ಬರುವವರಿಗೆ ಅದೇ ದೊಡ್ಡ ಧೈರ್ಯ. ನಮ್ಮಮ್ಮನನ್ನೂ ಹಾಗೇ ಕರೆಸಿಕೊಂಡೆ. ಮತ್ತೆ, ಮಧ್ಯಾಹ್ನದ ಊಟವನ್ನು ನಿಮ್ಮ ತಮ್ಮ ಕಾರಿನಲ್ಲೇ ತರಲಿ. ಶಾರ್ಜಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಮನೆ ಊಟ ಕಾಯುತ್ತಾ ಕೂರುವ ಹಾಗಾಗುತ್ತದೆ.